ಲೇಸಿಕ್ ಆಗಿದ್ದರೆ ಪೊರೆ ತೆಗೆಸುವ ಮೊದಲೇ ಬಾಯಿಬಿಟ್ಟು ಹೇಳಿ

ಡೊಂಬಿವಲಿ ನಿಲ್ದಾಣದ ಫಲಕ ನೋಡಿ, ಬರುವುದು ಸ್ಲೋ ಗಾಡಿಯೋ ಫಾಸ್ಟೋ ಎಂದು ಪಕ್ಕದವರನ್ನು ಕೇಳಬೇಕಾಯಿತು. ಎಡಗಣ್ಣಿನ ಪೊರೆ ತೆಗೆಸಿ ಆಗಲೇ ಒಂದು ತಿಂಗಳು. ದೂರದ್ದು ಮಸುಕು, ಹತ್ತಿರದ್ದು ಇನ್ನೂ ಮಸುಕು; ಅಕ್ಕಿಯಲ್ಲಿ ಕಲ್ಲು ಆರಿಸಲೂ ಆಗದು. ‘ಕಾಯಿರಿ, ಸರಿಹೋಗುತ್ತದೆ’ ಎನ್ನುತ್ತಲೇ ಇದ್ದ ವೈದ್ಯರು ಕೊನೆಗೆ ಪ್ಲಸ್ ಎರಡರ ಕನ್ನಡಕ ಬರೆದುಕೊಟ್ಟರು. ಹುಟ್ಟಾ ಮೈನಸ್ ಕಣ್ಣಿನವಳು ನಾನು!

ಮೈನಸ್ ಆರು ಇದ್ದದ್ದನ್ನು 2004ರಲ್ಲಿ ಲೇಸಿಕ್ (ಕನ್ನಡಕ ಬಿಡಿಸಲು ಕಣ್ಣಿನ ಮುಂಪದರವನ್ನು ಲೇಸರಿನಿಂದ ಕೆತ್ತುವುದು) ಮಾಡಿಸಿ ಕಳೆದುಕೊಂಡಿದ್ದೆ. ಆಸ್ಪತ್ರೆಯ ಫಾರಂನಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಅಲರ್ಜಿ ಎಲ್ಲ ಕೇಳಿದ್ದರು, ಲೇಸಿಕ್ ಕೇಳಿರಲಿಲ್ಲ. ನಾನೂ ಹೇಳಲಿಲ್ಲ. ಕೆಲವೇ ನಿಮಿಷದ ಲೇಸರನ್ನು ಆಪರೇಷನ್ ಎಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಮಾಟುಂಗದ ಇನ್ನೊಬ್ಬ ವೈದ್ಯೆ ಆಪರೇಷನ್ನಿಗೆ ಮೊದಲು ತೆಗೆದ ನನ್ನ ಕಣ್ಣಿನ ಅಳತೆಯ ಚೀಟಿ ನೋಡಿ ಒಂದು ಅಂಕಿಯ ಮೇಲೆ ಪೆನ್ನು ಊರಿದರು: 38.7. ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಬೆಳಕು ಬಾಗಿಸುವ ಶಕ್ತಿ ಸಾಮಾನ್ಯವಾಗಿ 43–44 ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆಯೇ) ಇರುತ್ತದೆಯಂತೆ; ಪೊರೆ ತೆಗೆದ ಜಾಗಕ್ಕೆ ಹಾಕುವ ಕೃತಕ ಲೆನ್ಸಿನ ನಂಬರನ್ನು ಇದನ್ನೂ ಹಿಡಿದೇ ಲೆಕ್ಕ ಹಾಕುತ್ತಾರೆ. ‘ಇಷ್ಟು ಚಪ್ಪಟೆ ಕಂಡಾಗಲೇ ಕೇಳಬೇಕಿತ್ತು’ ಎಂದರು. ಮಾಮೂಲಿ ಯಂತ್ರ ಅಳೆಯುವುದು ಕಾರ್ನಿಯಾದ ಮುಂಬದಿಯನ್ನು ಮಾತ್ರ, ಹಿಂಬದಿಯನ್ನು ಅದರಿಂದಲೇ ಊಹಿಸಿಕೊಳ್ಳುತ್ತದೆ. ಲೇಸಿಕ್ ಮುಂಬದಿಯನ್ನಷ್ಟೇ ಕೆತ್ತಿರುವುದರಿಂದ ಆ ಊಹೆ ಕೈಕೊಟ್ಟು, ಕಾರ್ನಿಯಾಕ್ಕೆ ಇರುವುದಕ್ಕಿಂತ ಹೆಚ್ಚು ಶಕ್ತಿ ತೋರಿಸುತ್ತದೆ. ಸಾಲದ್ದಕ್ಕೆ, ಚಪ್ಪಟೆ ಕಾರ್ನಿಯಾ ಕಂಡ, ಆ ಲೆಕ್ಕದ ಹಳೆಯ ಸೂತ್ರಗಳು ಲೆನ್ಸ್ ಕಣ್ಣೊಳಗೆ ತುಸು ಮುಂದಕ್ಕೇ ಕೂರುತ್ತದೆ ಎಂದುಕೊಳ್ಳುತ್ತವೆ. ಎರಡು ತಪ್ಪೂ ಒಂದೇ ಕಡೆಗೆ ಜಗ್ಗಿ, 21ರ ಲೆನ್ಸ್ ಬೇಕಿದ್ದ ಕಣ್ಣಿಗೆ 18 ಬಿತ್ತು.

ಲೆನ್ಸ್ ಬದಲಿಸಬಹುದು, ಆದರೆ ತಡವಾದಷ್ಟೂ ಅದು ಒಳಗೆ ಅಂಟಿಕೊಂಡು ಕೆಲಸ ಕಷ್ಟವಾಗುತ್ತದೆ. ನನಗೆ ಧೈರ್ಯ ಬರಲಿಲ್ಲ, ಕನ್ನಡಕಕ್ಕೇ ಒಪ್ಪಿಕೊಂಡೆ.

ಬಲಗಣ್ಣಿನ ಪೊರೆ ತೆಗೆಸುವ ಮೊದಲು ಮಾತ್ರ ಬೀರು ತಡಕಾಡಿ 2004ರ ಕಾಗದ ಹುಡುಕಿದೆ. ಲೇಸಿಕ್‌ಗೆ ಮೊದಲಿನ ಅಳತೆ, ನಂಬರು ಎಲ್ಲವೂ ಅದರಲ್ಲಿದ್ದವು. ಮಾಟುಂಗದ ವೈದ್ಯೆ ಇಂಥ ಕಣ್ಣುಗಳಿಗೆಂದೇ ಇರುವ ಬ್ಯಾರೆಟ್ ಟ್ರೂ-ಕೆ, ಹೇಗಿಸ್-ಎಲ್ ಸೂತ್ರಗಳನ್ನು ಹಾಕಿ, ಕಾರ್ನಿಯಾದ ಹಿಂಬದಿಯನ್ನೂ ಬೇರೆ ಯಂತ್ರದಲ್ಲಿ ಅಳೆದು ನೋಡಿದರು. ಕಾಗದ ಕಳೆದುಕೊಂಡವರಿಗೂ ಈ ಸೂತ್ರಗಳಲ್ಲಿ ದಾರಿಯಿದೆ, ಹೇಳದವರಿಗೆ ಇಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಆಕೆ, ‘ಪಕ್ಕಾ ಎಂದು ಮಾತು ಕೊಡಲಾರೆ’ ಎಂದೇ ಹೇಳಿ, ತಪ್ಪಿದರೂ ಮತ್ತೆ ಪ್ಲಸ್ ಕಡೆಗೆ ಹೋಗದಿರಲೆಂದು ಬೇಕೆಂದೇ ಅರ್ಧ ಮೈನಸ್ಸಿಗೆ ಗುರಿಯಿಟ್ಟರು. ಈಗ ಆ ಕಣ್ಣಿನಲ್ಲಿ ಫಲಕ ಓದುತ್ತೇನೆ.

ಆ ಕಾಗದ ಸಿಕ್ಕಿದ್ದು ಮಗಳ ಹತ್ತನೆಯ ತರಗತಿಯ ಅಂಕಪಟ್ಟಿಯ ಹಿಂದೆ. ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ಮರುವರ್ಷವೇ ಲೇಸಿಕ್ ಮಾಡಿಸಿಕೊಂಡ ತಂಗಿ ಹುಬ್ಬಳ್ಳಿಯಲ್ಲಿ ತನ್ನದನ್ನು ಇನ್ನೂ ಹುಡುಕುತ್ತಿದ್ದಾಳೆ.