ಕಾಳು, ಹೂಗಿಡ, ನೀರು: ಬಾಲ್ಕನಿ ಹಕ್ಕಿ ಫೋಟೊಗೆ ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ನೀರಿಗೆ. ಬೆಂಗಳೂರಿನ ಎರಡನೇ ಮಹಡಿ ಬಾಲ್ಕನಿ, ಒಂದು 70-300 ಮಿ.ಮೀ. ಜೂಮ್ ಲೆನ್ಸು, ಬೆಳಿಗ್ಗೆ ಸಿಗುವ ಅರ್ಧ ಗಂಟೆ. ಇಷ್ಟರಲ್ಲೇ ಮೂರನ್ನೂ ಇಟ್ಟು ನೋಡಿದ್ದಾಯಿತು.

ಕಾಳಿನ ಫೀಡರ್‌ಗೆ ಹಾಕಿದ ದುಡ್ಡು ದಂಡ. ಕಾರಣ ಪಾರಿವಾಳ. ಅಕ್ಕಿ, ಗೋಧಿ, ಜೋಳ ಏನೇ ಹಾಕಿ, ಮೊದಲು ಹಾಜರಾಗುವುದು ಅದೇ. ಒಂದು ಬಂತೆಂದರೆ ಹಿಂದೆಯೇ ಹಿಂಡು. ಗುಬ್ಬಿ, ರಾಟವಾಳ (ಮುನಿಯಾ) ಕಂಬಿಯ ಮೇಲೆ ಕೂತು ನೋಡಿ ನೋಡಿ ಹಾರಿಹೋಗುತ್ತವೆ. ಹಿಕ್ಕೆ ಕೆಳಮನೆಯವರು ಒಣಹಾಕಿದ ಬಟ್ಟೆಯ ಮೇಲೆ, ಚೆಲ್ಲಿದ ಕಾಳಿಗೆ ರಾತ್ರಿ ಇಲಿ.

ಕಾಳು ಸಣ್ಣದಾದರೆ ಪಾರಿವಾಳ ಬರಲಿಕ್ಕಿಲ್ಲ ಎಂದು ರಾಗಿ, ನವಣೆ ಹಾಕಿದರೂ ಬಿಡುವುದಿಲ್ಲ, ಕೂತು ಒಂದೊಂದನ್ನೇ ಹೆಕ್ಕುತ್ತವೆ. ಕೆಲಸ ಮಾಡಿದ್ದು 4 ಸೆಂ.ಮೀ. ಕಣ್ಣಿನ ತಂತಿ ಜಾಲರಿ: ಗುಬ್ಬಿ ನುಗ್ಗುತ್ತದೆ, ಪಾರಿವಾಳದ ಮೈ ಹಿಡಿಸುವುದಿಲ್ಲ. ಆದರೆ ಅದರ ತಲೆ ಹಿಡಿಸುತ್ತದೆ! ಕತ್ತು ಚಾಚಿ ತಿನ್ನದಿರಲು ಕಾಳಿನ ತಟ್ಟೆ ಜಾಲರಿಯಿಂದ 15 ಸೆಂ.ಮೀ. ಒಳಗಿರಬೇಕು. ಅಷ್ಟು ಮಾಡಿದ ಮೇಲೆ ಸಿಗುವ ಫೋಟೊ ಯಾವುದು? ಪಂಜರದೊಳಗಿನ ಗುಬ್ಬಿ. ಫೀಡರ್ ಇಟ್ಟ ಉದ್ದೇಶವೇ ಅಲ್ಲಿಗೆ ಮುಗಿಯಿತು.

ಪಾರಿವಾಳ ಇಲ್ಲದ ಊರಿನಲ್ಲೂ ಇನ್ನೊಂದು ಕೊರತೆ ಉಳಿಯುತ್ತದೆ. ಕಾಳಿಗೆ ಬರುವವು ಕಾಳು ತಿನ್ನುವವು ಮಾತ್ರ. ಹಣ್ಣು ತಿನ್ನುವ ಪಿಕಳಾರ (ಬುಲ್‌ಬುಲ್), ಹುಳ ತಿನ್ನುವ ಮಡಿವಾಳ, ಟುವ್ವಿ (ಟೇಲರ್‌ಬರ್ಡ್), ಬೆಳ್ಗಣ್ಣ ಈ ಹಕ್ಕಿಗಳಿಗೆ ನವಣೆಯ ಗೊಡವೆ ಇಲ್ಲ. ನೀರು ಮಾತ್ರ ಎಲ್ಲಕ್ಕೂ ಬೇಕು, ಕುಡಿಯಲು ಅಲ್ಲದಿದ್ದರೆ ಮೀಯಲು.

ಹೂಗಿಡ ಸೂರಕ್ಕಿಗೆ ಸರಿ. ದಾಸವಾಳ ಸಾಕು, ಹೂವಿನ ಬುಡಕ್ಕೆ ಕೊಕ್ಕು ಚುಚ್ಚಿ ಮಕರಂದ ಹೀರುತ್ತದೆ. ಆದರೆ ಒಂದೆಡೆ ನಿಲ್ಲುವುದಿಲ್ಲ, ಯಾವ ಹೂವಿಗೆ ಬರುತ್ತದೋ ಗೊತ್ತಾಗುವುದಿಲ್ಲ, ಎಲೆ ಅಡ್ಡ ಬರುತ್ತದೆ. ಸಕ್ಕರೆ ನೀರು ಕಟ್ಟುವ ಉಸಾಬರಿ ಬೇಡ, ಇರುವೆ ಬರುತ್ತದೆ.

ನೀರಿಗೆ ಬೇಕಾದದ್ದು ಹೂಕುಂಡದ ಅಡಿಗಿಡುವ ಮಣ್ಣಿನ ತಟ್ಟೆ, 35ರಿಂದ 40 ಸೆಂ.ಮೀ. ಅಗಲದ್ದು. ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನ್‌ನಂಥ ಕಡೆ ಅಗ್ಗಕ್ಕೆ ಸಿಗುತ್ತದೆ. ಒಳಮೈ ಒರಟಾಗಿರಬೇಕು; ಸ್ಟೀಲು, ನುಣುಪು ಪಿಂಗಾಣಿ ಜಾರುತ್ತವೆ, ಬಿಸಿಲಿಗೆ ಸ್ಟೀಲು ಕಾಯುತ್ತದೆ. ನೀರು ಅಂಚಿನಲ್ಲಿ 2 ಸೆಂ.ಮೀ., ನಡುವೆ 5 ಮೀರದಂತೆ. ಆಳ ಹೆಚ್ಚಿದ್ದರೆ ಕುಡಿದು ಹೋಗುತ್ತವೆ, ಮೀಯುವುದಿಲ್ಲ. ಒಂದು ಚಪ್ಪಟೆ ಕಲ್ಲು ಅರ್ಧ ಮುಳುಗುವಂತಿರಲಿ.

ಸುಮ್ಮನೆ ಇಟ್ಟ ನೀರಿಗಿಂತ ತೊಟ್ಟಿಕ್ಕುವ ನೀರನ್ನು ಹಕ್ಕಿ ಬೇಗ ಗಮನಿಸುತ್ತದೆ. ಮೆಡಿಕಲ್ ಶಾಪಿನ ಹೊಸ ಡ್ರಿಪ್ ಸೆಟ್ಟನ್ನು ಮೇಲೆ ತಲೆಕೆಳಗಾಗಿ ತೂಗಿದ 2 ಲೀಟರ್ ಬಾಟಲಿಗೆ ಸಿಕ್ಕಿಸಿ. ಈಗ ಮೇಲ್ಭಾಗವಾದ ತಳದಲ್ಲಿ ಸೂಜಿಯಿಂದ ಒಂದು ತೂತು ಮಾಡಿ, ಇಲ್ಲದಿದ್ದರೆ ಗಾಳಿ ಒಳಹೋಗದೆ ಹನಿ ನಿಂತುಬಿಡುತ್ತದೆ. 20 ಹನಿಗೆ 1 ಮಿ.ಲೀ. ಬೀಳುವ ಸೆಟ್ಟಾದರೆ ಸೆಕೆಂಡಿಗೊಂದು ಹನಿಯ ಲೆಕ್ಕದಲ್ಲಿ ಗಂಟೆಗೆ 180 ಮಿ.ಲೀ.; ಬೆಳಿಗ್ಗೆ ತುಂಬಿದ್ದು ಸಂಜೆಯವರೆಗೆ ಬರುತ್ತದೆ.

ಸೊಳ್ಳೆಯ ಚಿಂತೆ ನಿಜವಾದದ್ದೇ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ ಸಾಕು. ದಿನಾ ನೀರು ಚೆಲ್ಲಿ, ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಪಾಚಿ ತಿಕ್ಕಿ. ಸೋಪು ಬೇಡ.

ತಟ್ಟೆಯಿಂದ ಒಂದೂವರೆ ಅಡಿ ದೂರದಲ್ಲಿ ಕಿರುಬೆರಳ ದಪ್ಪದ ಸೀಬೆ ಕೊಂಬೆ ಕಟ್ಟಿ. ಹಕ್ಕಿ ನೇರ ನೀರಿಗೆ ಇಳಿಯುವುದಿಲ್ಲ, ಮೊದಲು ಅಲ್ಲಿ ಕೂತು ಸುತ್ತ ನೋಡುತ್ತದೆ. ಒಳ್ಳೆಯ ಫೋಟೊ ಸಿಗುವುದು ಆ ಗಳಿಗೆಯಲ್ಲೇ. ಕೊಂಬೆಯ ಹಿಂದೆ 3-4 ಮೀಟರ್ ಖಾಲಿ ಇದ್ದರೆ ಹಿನ್ನೆಲೆ ಹಸಿರು ಕಲಸಿದಂತೆ ಬರುತ್ತದೆ. ಕೂತ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡ್ ಸಾಕು, ಮೀಯುವಾಗ ಹನಿ ನಿಲ್ಲಿಸಲು 1/1600 ಬೇಕು. ಕಿಟಕಿಯೊಳಗಿಂದ ತೆಗೆಯುವುದಾದರೆ ಕೋಣೆಯ ದೀಪ ಆರಿಸಿ, ಲೆನ್ಸ್ ಹುಡ್ (ಲೆನ್ಸಿನ ಮುಂದೆ ಸಿಕ್ಕಿಸುವ ಬಳೆ) ಗಾಜಿಗೆ ತಾಗಿಸಿ ಹಿಡಿಯಿರಿ. ತಟ್ಟೆ ಗಾಜಿನಿಂದ 1 ಮೀಟರಿಗಿಂತ ದೂರ ಬೇಡ. ಹಕ್ಕಿ ಹೆದರಿ ಹಾರಿ ಗಾಜಿಗೆ ಬಡಿದರೂ ಅಷ್ಟು ಹತ್ತಿರದಲ್ಲಿ ವೇಗ ಸಾಲದೆ ಪೆಟ್ಟು ಕಡಿಮೆ.

ಪಾರಿವಾಳ ನೀರಿಗೂ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಕುಡಿದು, ಕೆಲವೊಮ್ಮೆ ಮಿಂದು ಹೋಗುತ್ತದೆ, ಅಷ್ಟೇ.