ಸಾಕೆಟ್‌ಗೆ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂದುಕೊಳ್ಳಬೇಡಿ

ಮನೆಯಲ್ಲೇ ಒಂದು ರೂಮನ್ನು ರೆಕಾರ್ಡಿಂಗ್‌ಗೆ ಅಂತ ರೆಡಿ ಮಾಡುತ್ತಿರುವವರು ಗೋಡೆಗೆ ಪ್ಯಾನೆಲ್ ಹೊಡೆಸುವ ಮೊದಲು ದಯವಿಟ್ಟು ಇದನ್ನು ಓದಿ. ನಾವು ಹೊಡೆಸಿದ ಮೇಲೆ ಕಲಿತೆವು. ಅಷ್ಟರಲ್ಲಿ ನನ್ನ ತಮ್ಮ ಸಾಯುವುದರಲ್ಲಿದ್ದ.

ಮೈಸೂರಿನಲ್ಲಿ ನಮ್ಮದು ಹಳೆಯ ಮನೆ. ಮಹಡಿ ಮೇಲಿನ ರೂಮನ್ನು ಸ್ಟುಡಿಯೋ ಮಾಡಿದೆವು. ತಮ್ಮ ಗಿಟಾರ್ ನುಡಿಸಿಕೊಂಡು ಹಾಡುತ್ತಾನೆ, ನಾನು ರೆಕಾರ್ಡ್ ಮಾಡುತ್ತೇನೆ. ಎಸಿ, ಆಡಿಯೋ ಮಿಕ್ಸರ್, ಸ್ಪೀಕರ್, ಕಂಪ್ಯೂಟರ್ ಎಲ್ಲಕ್ಕೂ ಸೇರಿ ಹೊಸದಾಗಿ ಎಂಟು ಸಾಕೆಟ್ ಹಾಕಿಸಿದೆವು. ಕೆಲಸ ಮಾಡಿದವರು ಪರಿಚಯದವರ ಮೂಲಕ ಬಂದವರು. ಲೈಸೆನ್ಸ್ ಇದೆಯಾ ಅಂತ ನಾನು ಕೇಳಲಿಲ್ಲ, ಅದು ನನ್ನ ತಪ್ಪು. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿ ಅಂದಿದ್ದಕ್ಕೆ "ಅದು ಸುಮ್ನೆ ಟ್ರಿಪ್ ಆಗ್ತಾ ಇರುತ್ತೆ ಸರ್, ರೆಕಾರ್ಡಿಂಗ್ ಮಧ್ಯೆ ಕರೆಂಟ್ ಹೋದ್ರೆ ನಿಮಗೇ ತೊಂದರೆ" ಅಂದರು. ನಾನು ಹೂಂ ಅಂದೆ.

ಕೆಲಸ ಮುಗಿದ ಮೇಲೆ ಮೂರು ದೀಪ ಇರುವ ಪ್ಲಗ್ ಟೆಸ್ಟರ್ ತಂದು ಎಂಟೂ ಸಾಕೆಟ್ ಪರೀಕ್ಷೆ ಮಾಡಿದೆ. ಎಲ್ಲಾ ಸರಿ ಅಂತಲೇ ತೋರಿಸಿತು. ಮುಂದಿನ ವಾರ ಗೋಡೆಗೆಲ್ಲ ಸದ್ದು ಹೀರುವ ರಾಕ್‌ವೂಲ್ ತುಂಬಿ ಬಟ್ಟೆಯ ಪ್ಯಾನೆಲ್ ಹೊಡೆಸಿಬಿಟ್ಟೆವು.

ಮೊದಲ ದಿನದಿಂದಲೇ ಒಂದು ವಿಚಿತ್ರ ಇತ್ತು. ಗಿಟಾರ್ ಆಂಪ್ ಇದ್ದದ್ದು ರೂಮಿನ ಹಳೆಯ ಸಾಕೆಟ್‌ನಲ್ಲಿ, ಮನೆ ಕಟ್ಟಿದಾಗಲೇ ಹಾಕಿದ್ದು. ಮಿಕ್ಸರ್ ಇದ್ದದ್ದು ಹೊಸದರಲ್ಲಿ. ಆಂಪ್‌ನ ಲೈನ್ ಔಟ್ ತಂದು ಮಿಕ್ಸರ್‌ಗೆ ಸಿಕ್ಕಿಸಿದ ಕೂಡಲೇ ಗುಂಯ್ ಅಂತ ದಪ್ಪ ಸದ್ದು, ಎಸಿ ಹಾಕಿದರೆ ಇನ್ನೂ ಜಾಸ್ತಿ. ಗ್ರೌಂಡ್ ಲೂಪ್ (ಎರಡು ಸಾಮಾನಿನ ಅರ್ಥ್ ನಡುವೆ ಕರೆಂಟ್ ಸುತ್ತಿ ಬರುವ ಸದ್ದು) ಇರಬೇಕು ಅಂತ ಆ ಕೇಬಲ್ ಬಿಟ್ಟು, ಆಂಪ್ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡತೊಡಗಿದೆವು. ಸದ್ದು ಹೋಯಿತು, ನಾವು ಅದನ್ನು ಮರೆತೆವು.

ಏಳು ತಿಂಗಳ ನಂತರ ಒಂದು ಸಂಜೆ ಹಾಡು ಅರ್ಧ ಆಗಿತ್ತು. ಇದ್ದಕ್ಕಿದ್ದಂತೆ ಎಸಿ ನಿಂತಿತು, ಮಿಕ್ಸರ್ ದೀಪಗಳೂ ಆರಿದವು. ಫ್ಯಾನ್ ಮತ್ತು ಆಂಪ್ ಮಾತ್ರ ನಡೆಯುತ್ತಿದ್ದವು. "ಅಣ್ಣಾ, ಮೈಕ್ ಹೋಯ್ತು" ಅಂತ ತಮ್ಮ ಎಡಗೈ ತಂತಿಗಳ ಮೇಲೆ ಇದ್ದ ಹಾಗೇ ಬಲಗೈಯಲ್ಲಿ ಮೈಕ್ ಹಿಡಿದ. ಹಿಡಿದವನು ಬಿಡಲು ಆಗದೆ ಸೆಟೆದು ನಿಂತ. ಆಮೇಲೆ ಹಿಂದಕ್ಕೆ ಬಿದ್ದ, ಬಿದ್ದ ರಭಸಕ್ಕೆ ಮೈಕ್ ಕೇಬಲ್ ಮಿಕ್ಸರ್‌ನಿಂದ ಕಿತ್ತು ಬಂತು. ಅದರಿಂದಲೇ ಉಳಿದ. ಎರಡೂ ಕೈ ಬೆರಳುಗಳಲ್ಲಿ ಸುಟ್ಟ ಗಾಯ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಒಂದು ರಾತ್ರಿ ಇಟ್ಟುಕೊಂಡರು. ಅಮ್ಮ ಇಡೀ ರಾತ್ರಿ ಹೊರಗಿನ ಬೆಂಚಿನ ಮೇಲೆ ಕೂತಿದ್ದರು, ಒಂದು ಮಾತೂ ಆಡಲಿಲ್ಲ.

ಎರಡು ದಿನ ಬಿಟ್ಟು ಲೈಸೆನ್ಸ್ ಇರುವ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ಅವರು ಮೊದಲ ಸಾಕೆಟ್ ಬಿಚ್ಚಿದ ಕೂಡಲೇ ನನ್ನನ್ನು ಹತ್ತಿರ ಕರೆದು "ಇಲ್ಲಿ ನೋಡಪ್ಪಾ" ಅಂದರು. ಅರ್ಥ್ ಪಿನ್ನಿಗೆ ಹಸಿರು ವೈರ್ ಇತ್ತು, ಆದರೆ ಎರಡೇ ಇಂಚು. ಅದರ ಇನ್ನೊಂದು ತುದಿ ಅದೇ ಸಾಕೆಟ್‌ನ ನ್ಯೂಟ್ರಲ್‌ಗೆ, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್‌ಗೆ, ಸೇರಿತ್ತು. ಎಂಟೂ ಸಾಕೆಟ್‌ನಲ್ಲಿ ಹೀಗೇ. ಪೈಪಿನೊಳಗೆ ಎರಡೇ ವೈರ್ ಎಳೆದಿದ್ದರು, ನೆಲಕ್ಕೆ ಹೋಗಬೇಕಾದ ಅರ್ಥ್ ವೈರ್ ಎಳೆದೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಈ ಕೆಲಸ ತುಂಬಾ ಜನ ಮಾಡುತ್ತಾರೆ. ನ್ಯೂಟ್ರಲ್‌ಗೆ ಅರ್ಥ್ ಪಿನ್ ಸೇರಿಸಿದರೆ ಪ್ಲಗ್ ಟೆಸ್ಟರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದು ಸರಿ ಅಂತಲೇ ತೋರಿಸುತ್ತದೆ. ಆದರೆ ಆಗ ನ್ಯೂಟ್ರಲ್‌ನಲ್ಲಿ ಆಗುವುದೆಲ್ಲ ನಿಮ್ಮ ಮಿಕ್ಸರ್‌ನ ಲೋಹದ ಮೈಗೆ ಬರುತ್ತದೆ, ಅಲ್ಲಿಂದ ಕೇಬಲ್‌ನ ಶೀಲ್ಡ್ (ಒಳಗಿನ ವೈರ್ ಸುತ್ತಿದ ಲೋಹದ ಜಾಲರಿ) ಮೂಲಕ ಮೈಕ್‌ನ ಮೈಗೂ ಬರುತ್ತದೆ. ನಮ್ಮಲ್ಲಿ ಎಸಿಯನ್ನೂ ಅದೇ ನ್ಯೂಟ್ರಲ್‌ಗೆ ಸೇರಿಸಿದ್ದರು. ಜಂಕ್ಷನ್ ಬಾಕ್ಸ್‌ನಲ್ಲಿ ವೈರ್ ಹೊಸೆದು ಟೇಪ್ ಸುತ್ತಿದ್ದ ಜಾಗ ಕಾದು ಕಾದು ಆ ಸಂಜೆ ಬಿಟ್ಟುಕೊಂಡಿತ್ತು. ನ್ಯೂಟ್ರಲ್ ಕಡಿದ ಕೂಡಲೇ ಫೇಸ್, ಅಂದರೆ ಕರೆಂಟ್ ತರುವ ವೈರ್‌ನ ವೋಲ್ಟೇಜ್, ಎಸಿಯೊಳಗಿಂದ ಹಾದು ವಾಪಸ್ ಎಲ್ಲಾ ಅರ್ಥ್ ಪಿನ್ನಿಗೂ ಬಂತು. ದೀಪ ಆರಿದ ಮಿಕ್ಸರ್‌ನ ಮೈಯಲ್ಲಿ 230 ವೋಲ್ಟ್. ಆಂಪ್‌ಗೆ ನಿಜವಾದ ಅರ್ಥ್ ಇತ್ತು, ಗಿಟಾರ್ ತಂತಿಗಳು ಅದಕ್ಕೇ ಸೇರಿರುತ್ತವೆ. ನಡುವೆ ಇದ್ದದ್ದು ನನ್ನ ತಮ್ಮನ ಎದೆ.

ಎಂಸಿಬಿ (ಲೋಡ್ ಜಾಸ್ತಿ ಆದರೆ ಲೈನ್ ಕಡಿಯುವ ಸ್ವಿಚ್) ಯಾಕೆ ಬೀಳಲಿಲ್ಲ ಅಂತ ಆ ಹಿರಿಯರನ್ನು ಕೇಳಿದೆ. 16 ಆಂಪಿಯರ್ ಎಂಸಿಬಿ ಇರುವುದು ವೈರ್ ಉಳಿಸೋಕೆ, ಮನುಷ್ಯನನ್ನು ಉಳಿಸೋಕೆ ಅಲ್ಲ. ಮೈಯೊಳಗೆ ಹರಿಯುವ ಕರೆಂಟ್ ಅದರ ಗಮನಕ್ಕೇ ಬರುವುದಿಲ್ಲ. ಮನುಷ್ಯನನ್ನು ಉಳಿಸೋಕೆ ಬೇಕಾದದ್ದು 30 ಮಿಲಿಆಂಪಿಯರ್ ಆರ್‌ಸಿಸಿಬಿ. ಅದು ಇದ್ದಿದ್ದರೆ ಆ ಗುಂಯ್ ಸದ್ದು ಬಂದ ಮೊದಲ ದಿನವೇ ಬೀಳುತ್ತಿತ್ತು, ಯಾಕೆಂದರೆ ಲೈನ್ ಕೇಬಲ್ ಸಿಕ್ಕಿಸಿದಾಗ ನ್ಯೂಟ್ರಲ್‌ನ ಕರೆಂಟ್ ಒಂದಿಷ್ಟು ಹಳೆಯ ಅರ್ಥ್ ಕಡೆ ತಿರುಗುತ್ತಿತ್ತು. ಸುಮ್ನೆ ಟ್ರಿಪ್ ಆಗುತ್ತೆ ಅಂತ ಮೊದಲು ಕೆಲಸ ಮಾಡಿದವರು ಹೇಳಿದ್ದು ಯಾಕೆ ಅಂತ ಈಗ ನಿಮಗೂ ಗೊತ್ತಾಯಿತು ಅಲ್ವಾ?

ಇದು ಹೊಸ ಕಥೆಯೂ ಅಲ್ಲ. 1972ರಲ್ಲಿ ಗಿಟಾರ್ ವಾದಕ ಲೆಸ್ ಹಾರ್ವೆ ಬ್ರಿಟನ್ನಿನ ಸ್ವಾನ್ಸೀಯಲ್ಲಿ ವೇದಿಕೆ ಮೇಲೇ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ತೀರಿಕೊಂಡರು. 1976ರಲ್ಲಿ ಯಾರ್ಡ್‌ಬರ್ಡ್ಸ್ ತಂಡದಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ ಹೋದದ್ದು ತಮ್ಮ ಮನೆಯಲ್ಲೇ, ಗಿಟಾರ್ ನುಡಿಸುವಾಗ. ಇಷ್ಟು ವರ್ಷ ಆದ ಮೇಲೂ ಹಮ್ (ಆ ಗುಂಯ್ ಸದ್ದು) ನಿಲ್ಲಿಸೋಕೆ ಪ್ಲಗ್‌ನ ಮೂರನೇ ಪಿನ್ ಕತ್ತರಿಸಿ ಅಂತ ಸಲಹೆ ಕೊಡುವವರು ಇದ್ದಾರೆ. ಕೈಮುಗಿದು ಕೇಳುತ್ತೇನೆ, ಅದನ್ನು ಮಾಡಬೇಡಿ. ಹಮ್ ಬಂದರೆ ಡಿಐ ಬಾಕ್ಸ್‌ನ (ಗಿಟಾರ್ ಅಥವಾ ಆಂಪ್‌ನ ಸಿಗ್ನಲ್ ಮಿಕ್ಸರ್‌ಗೆ ಕೊಡುವ ಡಬ್ಬಿ) ಗ್ರೌಂಡ್ ಲಿಫ್ಟ್ ಸ್ವಿಚ್ ಬಳಸಿ, ಅದು ಸಿಗ್ನಲ್ ಕೇಬಲ್‌ನ ಶೀಲ್ಡ್ ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥ್ ಹಾಗೇ ಇರುತ್ತದೆ. ಸ್ಟುಡಿಯೋಗೆ ಅಂತಲೇ ಬೇರೆ ಅರ್ಥ್ ಗುಂಡಿ ತೋಡಿ, ಮನೆಯ ಅರ್ಥ್‌ಗೆ ಸೇರಿಸದೆ ಬಿಡಿ ಅನ್ನುವುದೂ ಅಷ್ಟೇ ಅಪಾಯ. ಒಂದೇ ರೂಮಿನಲ್ಲಿ ಎರಡು ಬೇರೆ ಬೇರೆ ಅರ್ಥ್ ಇದ್ದರೆ ಏನಾಗಬಹುದು ಅಂತ ನಾವು ಕಣ್ಣಾರೆ ನೋಡಿದ್ದೇವೆ.

ನಿಮ್ಮ ಮನೆಯಲ್ಲಿ ಹೇಗಿದೆ ಅಂತ ತಿಳಿಯಲು ಪ್ಲಗ್ ಟೆಸ್ಟರ್ ನಂಬಿ ಕೂರಬೇಡಿ. ಎಲೆಕ್ಟ್ರಿಷಿಯನ್ ಕೈಲಿ ಒಂದೊಂದೂ ಸಾಕೆಟ್ ಬಿಚ್ಚಿಸಿ, ನಿಂತು ನೋಡಿ. ಎಸಿ ಅಥವಾ ಗೀಸರ್ ನಡೆಯುವಾಗ ಅದೇ ಲೈನಿನ ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಇಟ್ಟರೆ ಒಂದೆರಡು ವೋಲ್ಟ್ ಬರುವುದು ಸಹಜ. ಸರಿಯಾಗಿ ಸೊನ್ನೆ ಬಂದರೆ ಖುಷಿ ಪಡಬೇಡಿ, ಅನುಮಾನ ಪಡಿ. ನಮ್ಮ ಸಾಕೆಟ್‌ಗಳಲ್ಲಿ ಸೊನ್ನೆಯೇ ಬರುತ್ತಿತ್ತು.

ಈ ಸಲ ಪ್ಯಾನೆಲ್ ಎಲ್ಲಾ ಕಿತ್ತು ಹೊಸದಾಗಿ ಮಾಡಿಸಿದ್ದೇವೆ. ಮೊದಲ ಸಲಕ್ಕಿಂತ ಎರಡರಷ್ಟು ಖರ್ಚಾಯಿತು. ಎಸಿಗೆ ಬೇರೆ ಲೈನ್, 4 ಸ್ಕ್ವೇರ್ ಎಂಎಂ ವೈರ್. ಆಡಿಯೋ ಸಾಮಾನಿಗೆಲ್ಲ ಒಂದೇ ಲೈನ್, 2.5ರ ವೈರ್, ಜೊತೆಗೆ ಹಸಿರು ವೈರ್ ಮೇನ್ ಬೋರ್ಡ್‌ವರೆಗೂ ತುಂಡಿಲ್ಲದೆ. ಆಂಪ್ ಕೂಡ ಈಗ ಅದೇ ಲೈನಿನಲ್ಲಿದೆ. ಆಡಿಯೋಗೆ ಒಂದೇ ಲೈನ್ ಸಾಕಾ ಅಂತ ಯೋಚನೆ ಬೇಡ, ಇವೆಲ್ಲ ಸೇರಿದರೂ ನಮ್ಮಲ್ಲಿ 600 ವಾಟ್ ದಾಟುವುದಿಲ್ಲ. ಮೈಕ್ ಕೇಬಲ್‌ಗಳು ಬೇರೆ ಪೈಪಿನಲ್ಲಿ ಹೋಗುತ್ತವೆ. ಹಳೆಯ ಅರ್ಥ್ ಗುಂಡಿಗೆ ಹೊಸ ಇದ್ದಿಲು, ಉಪ್ಪು ಹಾಕಿಸಿ ಅರ್ಥ್ ಟೆಸ್ಟರ್‌ನಲ್ಲಿ ಅದರ ರೆಸಿಸ್ಟೆನ್ಸ್ ಅಳೆಸಿದೆವು, 3 ಓಮ್ ಚಿಲ್ಲರೆ ಬಂತು, ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅದು ಏರುತ್ತದೆ, ಹಾಗಾಗಿ ವಾರಕ್ಕೊಂದು ಸಲ ನೀರು ಹಾಕುತ್ತೇವೆ. ಗೋಡೆ ಮುಚ್ಚುವ ಮೊದಲು ಪ್ರತಿ ಬಾಕ್ಸ್, ಪ್ರತಿ ಪೈಪಿನ ತಿರುವಿನ ಫೋಟೋ ತೆಗೆದಿಟ್ಟಿದ್ದೇನೆ.

ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತುವ ಕೆಲಸ ತಮ್ಮನದು. ಅದನ್ನು ಒತ್ತಿ, ಟಕ್ ಅಂತ ಬಿದ್ದ ಸದ್ದು ಕೇಳಿದ ಮೇಲೆಯೇ ಅವನು ಆ ದಿನ ಗಿಟಾರ್ ಮುಟ್ಟುವುದು.