ಒಂದೇ ಕತೆ, ಮೂರು ಸಲ ಬರೆದೆ

ಜಗಳವಾಡಿ ಮನೆ ಬಿಟ್ಟ ಅಣ್ಣ 20 ವರ್ಷದ ಮೇಲೆ, ಅಡಿಕೆ ಕೊಯ್ಲಿನ ಹೊತ್ತಿಗೆ ವಾಪಸ್ ಬರುತ್ತಾನೆ. ಹೇಳುವವನು ತಮ್ಮ. ಕತೆ ನಡೆಯುವುದು ಒಂದೇ ರಾತ್ರಿ. ಆ 20 ವರ್ಷವನ್ನು ಎಲ್ಲಿ ಹೇಳಲಿ ಅನ್ನುವುದೇ ತಲೆನೋವು. ಮೂರು ಥರ ಬರೆದು ನೋಡಿದೆ.

ಮೊದಲ ಸಲ ಎಲ್ಲವನ್ನೂ ಆರಂಭದಲ್ಲೇ ಸುರಿದೆ. ಅಪ್ಪನ ಸಾಲ, ತೋಟದ ಪಾಲು, ಅಮ್ಮನ ಕಾಯಿಲೆ. 600 ಪದ ಮುಗಿದರೂ ಅಣ್ಣ ಬಸ್ಸಿಂದ ಇಳಿದಿರಲಿಲ್ಲ. 'ಪಹಣಿ ಓದಿದ ಹಾಗಾಯ್ತು ಕಣೋ' ಅಂದಳು ಗೆಳತಿ. ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ, ಅಂದರೆ ತಾಳಮದ್ದಳೆಯಲ್ಲಿ, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಪೀಠಿಕೆ ಎಷ್ಟು ಉದ್ದವಾದರೂ ಜನ ಕೂತು ಕೇಳುತ್ತಾರಲ್ಲ ಅಂತ ವಾದ ಮಾಡಿದೆ. ಆದರೆ ಅಲ್ಲಿ ಕರ್ಣನ ಕತೆ ಎಲ್ಲರಿಗೂ ಗೊತ್ತು. ಇವತ್ತಿನ ಕರ್ಣ ಅದನ್ನು ಹೇಗೆ ಹೇಳುತ್ತಾನೆ ಅಂತ ಕೇಳಲು ಕೂತಿರುತ್ತಾರೆ. ನನ್ನ ಅಡಿಕೆ ತೋಟದ ಅಣ್ಣ ಯಾರಿಗೆ ಗೊತ್ತು?

ಎರಡನೇ ಸಲ ಪೂರ್ತಿ ಬಚ್ಚಿಟ್ಟೆ. ಪಾಲುಪತ್ರಕ್ಕೆ ಅಣ್ಣನ ಸಹಿಯನ್ನು ತಮ್ಮನೇ ಹಾಕಿದ್ದ ಅನ್ನುವುದು ಕೊನೆಯ ಪುಟದಲ್ಲಿ ಬಂತು. ಗೆಳತಿ ಬೆಚ್ಚಿದಳು, ಆಮೇಲೆ ಸಿಟ್ಟಾದಳು. 'ಇಷ್ಟು ಹೊತ್ತು ನನ್ನನ್ನು ಅವನ ತಲೆಯೊಳಗೇ ಕೂರಿಸಿದ್ದೆ. ಅಣ್ಣ ಎದುರಿಗೆ ಬಂದು ನಿಂತರೂ ಅವನಿಗೆ ಆ ಸಹಿ ನೆನಪಾಗಲಿಲ್ವಾ?' ಉತ್ತರ ಇರಲಿಲ್ಲ. ತಮ್ಮನ ಬದಲು, ಏನೂ ಗೊತ್ತಿಲ್ಲದ ಅವನ ಮಗನ ಬಾಯಲ್ಲಿ ಹೇಳಿಸಿದ್ದರೆ ಆ ಗುಟ್ಟು ನಿಲ್ಲುತ್ತಿತ್ತೇನೋ.

ಮೂರನೆಯದು ಸ್ವಲ್ಪ ಸ್ವಲ್ಪವೇ ಬಿಡುವುದು. ಮೊದಲು ಮಾತಿನಲ್ಲಿ ತುರುಕಿ ಕೆಟ್ಟೆ. 'ನಿನಗೇ ಗೊತ್ತಲ್ಲ, ಅಪ್ಪ ಹೋದಾಗ ನಾನು ಹುಬ್ಬಳ್ಳಿಯಲ್ಲಿದ್ದೆ.' ಗೊತ್ತಿದ್ದರೆ ಯಾಕಪ್ಪಾ ಹೇಳ್ತೀಯ? ಅದನ್ನೆಲ್ಲ ಹೊಡೆದು ಹಾಕಿದೆ. ಬದಲಿಗೆ, ರಾತ್ರಿ ಅಡಿಕೆ ಸುಲಿಯಲು ಕೂತಾಗ ಅಣ್ಣ ಒಂದು ಮೆಟ್ಟುಗತ್ತಿ ಕೇಳುತ್ತಾನೆ. ಅಮ್ಮ ಅಟ್ಟದಿಂದ ಅವನ ಹಳೆಯದನ್ನೇ ತರಿಸುತ್ತಾಳೆ. ಅದಕ್ಕೆ ತುಕ್ಕು ಹಿಡಿದಿರುವುದಿಲ್ಲ. ಎಣ್ಣೆ ಸವರಿ ಬಟ್ಟೆ ಸುತ್ತಿಟ್ಟಿದ್ದಾಳೆ. ಅಮ್ಮನ 20 ವರ್ಷ ಅಲ್ಲೇ ಬಂತು, ಬೇರೆ ಹೇಳಬೇಕಾಗಲಿಲ್ಲ. 600 ಪದ 150ಕ್ಕೆ ಇಳಿಯಿತು.

ಆದರೆ ಇದರಲ್ಲೂ ಎಡವಿದ್ದೆ. ಜಾಣತನ ಜಾಸ್ತಿಯಾಗಿ, ಬಂದವನು ಅಣ್ಣನೋ ಭಾವನೋ ಅಂತಲೇ ಎರಡು ಪುಟ ಗೊತ್ತಾಗುತ್ತಿರಲಿಲ್ಲ. ಯಾರು, ಎಷ್ಟು ವರ್ಷದ ಮೇಲೆ ಬಂದ ಅನ್ನುವುದನ್ನು ಈಗ ಮೊದಲ ಸಾಲಲ್ಲೇ ಸುಮ್ನೆ ಹೇಳಿಬಿಟ್ಟಿದ್ದೇನೆ. ಯಾಕೆ ಹೋದ ಅನ್ನುವುದು ಮಾತ್ರ ತಡವಾಗಿ.

ಸಹಿಯ ಗುಟ್ಟನ್ನು ಕತೆಯ ಮಧ್ಯಕ್ಕೆ ತಂದೆ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ. ಓದುವವರಿಗೆ ಗೊತ್ತು, ಅಣ್ಣನಿಗೆ ಗೊತ್ತೋ ಇಲ್ಲವೋ ಗೊತ್ತಿಲ್ಲ. ಅಣ್ಣ 'ತೋಟ ಚೆನ್ನಾಗಿ ಇಟ್ಕೊಂಡಿದ್ದೀಯ' ಅನ್ನುತ್ತಾನೆ. ಮೂರು ಸಲವೂ ಇದ್ದ ಮಾತೇ ಅದು. ಗೆಳತಿ ಓದುವುದನ್ನು ಅಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದ್ದು ಇದೇ ಮೊದಲು.